ಎಂಟು ಮಾತಿನ ಯಂತ್ರ

ಇದಕ್ಕೆ ಮೈಯಿಲ್ಲ. ಹಿಟ್ಟಿನ ಗಿರಣಿಗಿದ್ದಂತೆ ಪಟ್ಟಾ ಇಲ್ಲ,
ಎಣ್ಣೆ ಕೇಳುವುದಿಲ್ಲ. ಬಾಗಲಕೋಟೆ ನವನಗರದ ಕರೆಂಟು ಹೋದರೂ
ಬ್ಯಾಟರಿ ಇರುವ ತನಕ ಬದುಕಿರುತ್ತದೆ.
ನಲವತ್ತೆರಡನೇ ಸೆಕ್ಟರಿನ ಬಾಡಿಗೆ ಕೋಣೆಯಲ್ಲಿ
ಪಾಲಿಟೆಕ್ನಿಕ್ಕಿನ ಪೇಪರು ತಿದ್ದುವುದು ಬಿಟ್ಟು
ಮೂರು ರಾತ್ರಿ ಕೂತು ಕಟ್ಟಿದೆ:
ಯಂತ್ರದೊಳಗೊಂದು ಯಂತ್ರ, ಎಂಟೇ ಮಾತು ಬಲ್ಲದ್ದು.

ಇಡು. ಕೂಡು. ಕಳೆ. ತೋರು.
ಹಾರು. ಕರೆ. ಮರಳು. ನಿಲ್ಲು.

ನನಗೆ ಇವು ಮಾತು, ಅದಕ್ಕೆ ಬರೀ ಅಂಕಿ.
ಇಡು ಅಂದರೆ ಒಂದು, ಕೂಡು ಅಂದರೆ ಎರಡು.
ಕಾಣದ ಬೆರಳೊಂದು ಸಾಲಿನ ಮೇಲೆ ಸರಿಯುತ್ತದೆ,
ಓದುತ್ತದೆ, ಹೇಳಿದ್ದು ಮಾಡುತ್ತದೆ, ಮುಂದಿನ ಮನೆಗೆ ಹೋಗುತ್ತದೆ.
ಚೌಕಾಬಾರದ ಕಾಯಿಯೂ ಇಷ್ಟು ಹೇಳಿದ ಮಾತು ಕೇಳಲಿಕ್ಕಿಲ್ಲ.

ಉಳಿದದ್ದು ಒಂದು ಬುಟ್ಟಿ.
ನೀಲಗಂಗವ್ವನ ರೊಟ್ಟಿ ಕೇಂದ್ರದಲ್ಲಿ ಕಂಡದ್ದು:
ಕೊನೆಗೆ ಬಡಿದದ್ದು ಮೇಲೆ, ಮೇಲಿನದ್ದು ಮೊದಲು ಗಿರಾಕಿಗೆ.
ತಳದ ರೊಟ್ಟಿ ಮುಂಜಾನೆಯಿಂದ
ತನ್ನ ಸರದಿಗಾಗಿ ಗಟ್ಟಿಯಾಗುತ್ತ ಕೂತಿದೆ.
ನಡುವಿನದನ್ನು ಎಳೆಯುವ ಹಾಗಿಲ್ಲ.

ನಾನು ಬಾಗವಾನರ ಹುಡುಗ, ನನಗಿದು ಏಟು ತಿಂದು ಗೊತ್ತು.
ಅಬ್ಬಾ ಒಟ್ಟಿದ್ದ ಮೋಸಂಬಿ ರಾಶಿಯ
ಅಡಿಯ ಹಣ್ಣೇ ಬೇಕೆಂದು ಕಿತ್ತಿದ್ದೆ.
ಬಜಾರದ ತುಂಬ ಉರುಳಿದವು, ಗಟಾರದ ತನಕ.

ಮೊದಲ ಓಟಕ್ಕೆ ಸಣ್ಣ ಲೆಕ್ಕ:

    ಇಡು ನೂರು
    ಇಡು ಎಪ್ಪತ್ತು
    ಕಳೆ
    ತೋರು
    ನಿಲ್ಲು

ತೋರಿತು: ಋಣ ಮೂವತ್ತು.
ನೂರರ ನೋಟು ಕೊಟ್ಟವನೇ ಸಾಲಗಾರ!
ಮರುದಿನ ಲ್ಯಾಬಿನಲ್ಲಿ ದಾನೇಶ್ವರಿ,
ನೀಲಗಂಗವ್ವನ ಮಗಳು, ಉಗುರಿನಂಚಿಗೆ ಇನ್ನೂ ಹಿಟ್ಟು,
ಪರದೆಯನ್ನು ಒಮ್ಮೆ ನೋಡಿದಳು, ಅಷ್ಟೆ.
'ಸರ್, ಮೊದಲ ಕೈಗೆ ಬರೋದು ಕೊನಿಗೆ ಇಟ್ಟದ್ದಲ್ರೀ?
ನೀವು ಎಪ್ಪತ್ತರಾಗ ನೂರು ಕಳದೀರಿ.'
ಎರಡು ಹೆಸರು ಅದಲುಬದಲು ಮಾಡಿದೆ.
ಚಿಲ್ಲರೆ ಸರಿಹೋಯಿತು. ನಾನು ಚಹಾ ಕೊಡಿಸಿದೆ.

ಕರೆ ಎಂಬ ಮಾತು ಮಾತ್ರ ಕಾಡಿತು.
ಬೇರೆ ಕೆಲಸಕ್ಕೆ ಹೋಗುವ ಬೆರಳು
ಹೊರಡುವ ಮುನ್ನ ಮರಳುವ ಮನೆಯ ನಂಬರನ್ನು
ಅದೇ ಬುಟ್ಟಿಯಲ್ಲಿ ಇಟ್ಟು ಹೋಗಬೇಕು.
ಹೋಯಿತು. ಅಲ್ಲಿ ನೂರರಲ್ಲಿ ಎಪ್ಪತ್ತು ಕಳೆಯಿತು,
ಮೂವತ್ತನ್ನು ಮೇಲೆ ಬಿಟ್ಟಿತು. ಮರಳು ಅಂದೆ.
ಬುಟ್ಟಿಗೆ ಕೈ ಹಾಕಿ ಮೇಲೆ ಸಿಕ್ಕಿದ್ದನ್ನೇ ವಿಳಾಸವೆಂದುಕೊಂಡು
ಚಿಲ್ಲರೆ ಹಿಡಿದು ಮೂವತ್ತನೇ ಮನೆಯ ಬಾಗಿಲು ಬಡಿಯಿತು.
ಅಲ್ಲಿ ಯಾರೂ ಇರಲಿಲ್ಲ. ಬರೀ ಸೊನ್ನೆ.

ನಗಬೇಕಿತ್ತು. ನಗು ಬರಲಿಲ್ಲ.
ಕಿಲ್ಲಾದ ಓಣಿಯಲ್ಲಿ ನಮಗೂ ಒಂದು ನಂಬರಿತ್ತು,
ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ.
ಹಿನ್ನೀರು ಬಂದಾಗ ಸರಕಾರ ಬೇರೆ ನಂಬರು ಕೊಟ್ಟಿತು.
ಅಬ್ಬಾ ಪರಿಹಾರದ ರೊಕ್ಕ ಎಣಿಸಿದ, ಎರಡು ಸಲ,
ಆಮೇಲೆ ಸೈಕಲ್ಲು ಹತ್ತಿ, ರೂಢಿಯಂತೆ,
ನೀರಿನ ಅಂಚಿನ ತನಕ ಹೋಗಿ ನಿಂತ.

ಮರಳು.
ಈ ಮಾತನ್ನು ಆರಿಸುವಾಗ ಹಿಂದಿರುಗುವುದಷ್ಟೇ ನೆನಪಿತ್ತು.
ಘಟಪ್ರಭೆಯ ತಳದಲ್ಲಿರುವುದೂ ಅದೇ ಹೆಸರಿನದು.

ನಾಲ್ಕನೇ ರಾತ್ರಿ ಎರಡನೇ ಬುಟ್ಟಿ ಮಾಡಿದೆ,
ವಿಳಾಸಗಳಿಗೇ ಬೇರೆ. ರೊಕ್ಕ ಅದರಲ್ಲಿ ಬೀಳದಂತೆ.
ಈಗ ಬೆರಳು ಎಷ್ಟು ಆಳಕ್ಕೆ ಹೋದರೂ
ಒಂದೊಂದೇ ನಂಬರು ಬಿಚ್ಚಿಕೊಳ್ಳುತ್ತ ಬರುತ್ತದೆ,
ಬಿಟ್ಟ ಮಾತಿನ ಮುಂದಿನ ಮಾತಿಗೆ ಸರಿಯಾಗಿ.
ಅದಕ್ಕಾದರೂ ಆಗಲಿ.

ಇನ್ನೊಂದು ಉಳಿದಿತ್ತು: ಏನೂ ಇಡದೆ ಕಳೆ ಅಂದರೆ?
ದೋಷ ಸಂಖ್ಯೆ ನಾಲ್ಕು ಅಂತ ಬರೆದಿದ್ದೆ.
ದಾನೇಶ್ವರಿ ಅಳಿಸಿದಳು, ಕೇಳದೆಯೇ,
ರಾತ್ರಿ ಒಂಬತ್ತಕ್ಕೆ ಅವಳವ್ವ ಶಟರ್ ಎಳೆಯುತ್ತ ಅನ್ನುವುದನ್ನೇ
ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದಳು:

    ಬುಟ್ಟಿ ಖಾಲಿ ಐತ್ರಿ.
    ಹಿಟ್ಟು ನಾದೇನಿ. ಮುಂಜಾನಿ ಬರ್ರಿ.