ಇಲ್ಲದ ಗಂಟೆಯಲ್ಲಿ

ವಾರವೆಲ್ಲ ನನ್ನದು ಪಕ್ಕದ ಸೀಟು.
ಲೆಮ್‌ಸ್ಟರ್ ಪೇಟೆಯ ಹುಡುಗ ಹುಡುಗಿಯರಿಗೆ ಕಾರು ಕಲಿಸುತ್ತೇನೆ:
ಕನ್ನಡಿ ನೋಡು, ಗೇರು ಇಳಿಸು, ನಿಧಾನ, ನಿಧಾನ.
ಅವರ ಭಯಕ್ಕೆಂದೇ ನನ್ನ ಕಾಲಡಿ ಇನ್ನೊಂದು ಬ್ರೇಕು.
ಅದಕ್ಕೇ ಇರಬೇಕು, ಮಾರ್ಚ್ ಮುಗಿಯುತ್ತ ಬಂದರೆ
ಯಾರ ಪಕ್ಕದಲ್ಲೂ ಇಲ್ಲದ ಒಂದು ದಿನ ಬೇಕೆನಿಸುತ್ತದೆ.

ನಾನೂರು ಕಿಲೋಮೀಟರು. ಇಪ್ಪತ್ತೇಳು ಗಂಟೆ.
ಜೇಬಿನಲ್ಲಿ ಹಳದಿ ಕಾರ್ಡು, ಊರೂರಿನ ಮುದ್ರೆಗೆ ಖಾಲಿ ಚೌಕ.
ಬೆಳಗಿನ ಆರಕ್ಕೆ ಪ್ರೆಸ್ಟೀನ್ ಬಿಟ್ಟಾಗ ಮೂವತ್ತೊಂದು ಜನ;
ಮೊದಲ ಏರಿನಲ್ಲೇ ಅವರ ಕೆಂಪು ದೀಪಗಳು
ಒಂದೊಂದೇ ತಿರುವಿನಾಚೆ ಆರಿದವು.
ಬೇಜಾರಿಲ್ಲ. ಹಿಂದುಳಿದವಳಿಗೆ ಗಾಳಿ ಜೊತೆ,
ಅದೂ ಎದುರಿಗೇ.

ಹಾದಿಯುದ್ದಕ್ಕೂ ಡ್ಯಾಫೊಡಿಲ್, ತಲೆ ಬಗ್ಗಿಸಿ
ಈಗಷ್ಟೇ ಬೈಸಿಕೊಂಡವರ ಹಾಗೆ.
ಮುಳ್ಳುಬೇಲಿಯ ಚಿಗುರು ಇನ್ನೂ ಬಾಯಿ ಬಿಟ್ಟಿಲ್ಲ.
ಅಬರಿಸ್ಟ್ವಿತ್‌ನಲ್ಲಿ ಸಮುದ್ರ
ತನ್ನ ಪಾಡಿಗೆ ಬೆಣಚುಕಲ್ಲು ಎಣಿಸಿ ಎಣಿಸಿ ತಪ್ಪುತ್ತಿತ್ತು.
ಟ್ರೆಗಾರನ್ ಪೆಟ್ರೋಲ್ ಬಂಕಿನಲ್ಲಿ
ರಸೀದಿಗೆಂದೇ ಒಂದು ಬಾಳೆಹಣ್ಣು ಕೊಂಡೆ.
"ಇವತ್ತು ರಾತ್ರಿ ಗಡಿಯಾರ ಮುಂದೆ ಹೋಗುತ್ತೆ, ಗೊತ್ತಲ್ಲ?"
ಅಂದ ಕೌಂಟರಿನ ಹುಡುಗ. "ಒಂದು ಹೊಡೆಯೋದೇ ಇಲ್ಲ. ನೇರ ಎರಡು."

ಆಮೇಲೆ ಬೆಟ್ಟ.
ಚಕ್ರ ತಿರುಗಿದರಷ್ಟೇ ಉರಿಯುವ ದೀಪ ನನ್ನದು.
ಬೆಳಕಿದ್ದಷ್ಟು ಕಾಲು ಚಾಚು ಅನ್ನಬೇಕೋ,
ಕಾಲು ಚಾಚಿದಷ್ಟೇ ಬೆಳಕು ಅನ್ನಬೇಕೋ.
ಏರು ಕಡಿದಾದಂತೆ ಅದು ಮಿಣುಕಿತು,
ಇಳಿದು ತಳ್ಳಿದೆ, ಆರಿತು.
ಹೆಪ್ಪುಗಟ್ಟಿದ ಇಬ್ಬನಿ ಶೂ ಕೆಳಗೆ ಕರುಂ ಕರುಂ.
ನನ್ನ ಉಸಿರೇ ಯಾರೋ ಹಿಂದೆ ಬರುವಂತೆ ಕೇಳಿ
ಎರಡು ಸಲ ತಿರುಗಿದೆ.
ಒಂದು ಸಲ "ಕನ್ನಡಿ ನೋಡು" ಅಂದೆ, ಜೋರಾಗಿ.

ಕಣಿವೆಯಲ್ಲೊಂದು ಕೊಟ್ಟಿಗೆ, ದೀಪ.
ನೀರು ಕೇಳಲು ಹೋದವಳಿಗೆ ಒಳಗಿದ್ದ ಹೆಂಗಸು
ತಲೆ ಎತ್ತದೆ: "ಬಾಗಿಲು ಹಾಕು. ಆ ಟಾರ್ಚು ಹಿಡಿ. ಅಲ್ಲಲ್ಲ, ಇಲ್ಲಿ."
ನೆಸ್ಟಾ ಅಂತೆ, ಹೆಸರು ಹೇಳಿದ್ದು ಆಮೇಲೆ.
ಕುರಿಯ ಕಣ್ಣು ಹಸಿರು ಬಿಲ್ಲೆ.
ಮರಿಯ ಒಂದೇ ಕಾಲು ಹೊರಗೆ,
ಇನ್ನೊಂದು ಒಳಗೆಲ್ಲೋ ಮಡಿಚಿಕೊಂಡಿದೆ.
ಅವಳು ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕಿದಳು,
ಬಾಡಿಗೆ ಕೋಣೆಯ ಕತ್ತಲಲ್ಲಿ ಸ್ವಿಚ್ಚು ತಡಕುವ ಹಾಗೆ.
"ನಿಧಾನ," ಅಂದಳು ಕುರಿಗೆ, "ನಿಧಾನ."
ನನ್ನ ಬಲಗಾಲು ತಾನಾಗಿ ನೆಲ ಒತ್ತಿತು.

ಜಾರಿತು: ಹಳದಿ ಲೋಳೆ, ಉದ್ದ ಕಾಲು, ಹಬೆ.
ಹುಲ್ಲುಕಡ್ಡಿಯಿಂದ ಮೂಗು ಕೆದಕಿದಳು. ಏನಿಲ್ಲ.
ಹಿಂಗಾಲು ಹಿಡಿದು ಬೀಸಿದಳು
ಒಮ್ಮೆ,
ಇನ್ನೊಮ್ಮೆ.
ಒಂದು ಸೀನು.

ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಗೋಡೆಯ ಪುಸ್ತಕ ತೆರೆದಳು.
ಪೆನ್ಸಿಲು ನಿಂತಿತು.
ನನ್ನ ಕೈಗಡಿಯಾರ ಒಂದು ಇಪ್ಪತ್ತು, ಅವಳ ಫೋನು ಎರಡು ಇಪ್ಪತ್ತು.
"ಒಂದು ಇಪ್ಪತ್ತು ಅನ್ನೋದೇ ಈ ರಾತ್ರಿ ಇಲ್ವಲ್ಲ."
ಸಮಯದ ಕಾಲಂ ಹಾಗೇ ಬಿಟ್ಟು ಬರೆದಳು:
ಹೆಣ್ಣು. ಉಸಿರಾಡುತ್ತಿದೆ.
ನನ್ನ ಕಾರ್ಡಿಗೂ ಒಂದು ಹೆಬ್ಬೆಟ್ಟು ಒತ್ತಿದಳು, ಕೇಳದೆಯೇ,
ಟ್ರೆಗಾರನ್ನಿಗೂ ಬಿಲ್ತ್‌ಗೂ ನಡುವೆ, ಚೌಕವಿಲ್ಲದ ಜಾಗದಲ್ಲಿ.

ಕೊನೆಯ ಮೂವತ್ತು ಕಿಲೋಮೀಟರು ಸರಿಯಾಗಿ ನೆನಪಿಲ್ಲ.
ಬಸ್ ತಂಗುದಾಣವೊಂದರಲ್ಲಿ ಹೆಲ್ಮೆಟ್ಟೇ ದಿಂಬಾಗಿತ್ತು.
ಪ್ರೆಸ್ಟೀನ್ ಸಭಾಂಗಣದಲ್ಲಿ ಆಗಲೇ
ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದರು.
ಇದ್‌ವಾಲ್ ಕನ್ನಡಕ ಏರಿಸಿ ಕಾರ್ಡು ನೋಡಿದ. ಹನ್ನೆರಡು ನಿಮಿಷ ತಡ.
"ಕಳೆದುಹೋದ ಗಂಟೆ ಲೆಕ್ಕಕ್ಕೆ ಹಿಡಿದೇ ಹೇಳ್ತಿದೀನಿ," ಅಂದ,
ಪಾಪ, ನನಗಿಂತ ಅವನಿಗೇ ಸಂಕಟ.
ಮತ್ತೆ ಆ ಕಂದು ಕಲೆಯ ಮೇಲೆ ಬೆರಳಿಟ್ಟು:
"ಇದು ಯಾವ ಊರಿನ ಮುದ್ರೆ?"

ನನ್ನ ಬಾಯಿ ತುಂಬ ಟೋಸ್ಟು.
ಅವನು ಕಾದ.
ನಾನು ಅಗಿಯುತ್ತಲೇ ಇದ್ದೆ.