ಮೂರನೇ ಗುಂಡಿ

ಬೆಟಗೇರಿಯೊಳಗ ನಮ್ಮನಿಗೆ ಒಂದು ಡಬ್ಬಿ ಬಂದೈತಿ.
ಯಾರ ಮುಂದೂ ಹೇಳಬ್ಯಾಡ್ರಿ ಅಂದಾನ ದಾವಲಸಾಬ,
ಹಚ್ಚಿ ಹೋದ ಹುಡುಗ. ಹಂಗಾಗಿ
ನಿಮಗಷ್ಟ ಹೇಳಾಕತ್ತೀನಿ.

ಟಿವಿ ಬಾಜೂಕ ಕುಂತೈತಿ, ಎಲಿ ಅಡಕಿ ಡಬ್ಬಿಯಷ್ಟ.
ಅದಕ್ಕೊಂದು ರಿಮೋಟು, ರಿಮೋಟಿಗೆ ಗುಂಡಿ.
ಒಂದು ಮಾವನೋರು. ಎರಡು ನಮ್ಮವರು.
ಮೂರು ನಾನು. ನಾಕು ಪವಿತ್ರಾ.
ಬೀಗರು ಬಿಜ್ಜರು ಬಂದ್ರ ಅವರಿಗೂ ಒಂದೈತಿ,
ಒತ್ತಿ ವಯಸ್ಸು ಹೇಳಬೇಕು, ಗಂಡೋ ಹೆಣ್ಣೋ ಹೇಳಬೇಕು.
ನಮ್ಮ ನಾದಿನಿ ಆರು ವರ್ಷ ಮುಚ್ಚಿಟ್ಟಾಳ.
ಡಬ್ಬಿ ನಂಬೇತಿ.

ಕುಂತಾಗ ಒತ್ತಬೇಕು, ಎದ್ದಾಗ ಒತ್ತಬೇಕು.
ಮಾವನೋರು ನೀರು ಕುಡಿಯಾಕ ಎದ್ರೂ ಒತ್ತಿ ಹೋಗತಾರ,
ಮಿಲ್ಲಿನ್ಯಾಗ ಮೂವತ್ತೆರಡು ವರ್ಷ ಹಾಜರಿ ಹಾಕಿದ ಬೆರಳು.
ನಮ್ಮವರು ಪ್ರೆಸ್ಸಿನಿಂದ ಬಂದು, ಮಸಿ ಬೆರಳಿಲೆ ಎರಡು ಒತ್ತಿ,
ಗ್ವಾಡಿಗೆ ಆತು ಕುಂತು, ಹತ್ತು ನಿಮಿಷಕ್ಕ ಗೊರಕಿ.
ಎರಡರ ದೀಪ ಹಸರಗ ಉರೀತಿರತೈತಿ.
ಗೊರಕಿ ಹೊಡಿಯೋರೂ ನೋಡಾಕತ್ತೋರ, ಡಬ್ಬಿ ಲೆಕ್ಕದಾಗ.
"ನಿಮ್ಮದೊಂದು ಮನಿ ಅಂದ್ರ ಎಷ್ಟೋ ಸಾವಿರ ಮನಿ ಇದ್ದಂಗ್ರಿ ಅಕ್ಕಾರ"
ಅಂತಾನ ದಾವಲಸಾಬ.

ನಾನು?
ಒಂಬತ್ತಕ್ಕ ಆಟ ಸುರು ಆಗತೈತಿ,
ಹದಿನಾರು ಮಂದೀನ ಒಂದು ಮನಿಯೊಳಗ ಹಾಕಿ ಕೀಲಿ ಜಡಿಯೋ ಆಟ.
ಒಂಬತ್ತಕ್ಕ ನನ್ನ ಒಲಿನೂ ಸುರು.
ಮನಿ ಬಿಟ್ಟು ಹೊರಗ ಬರಲಾರದ ಕುಂತ್ರ ರೊಕ್ಕ ಕೊಡತಾರಂತ!
ಮೊದಲ ಸಲ ಕೇಳಿದಾಗ ಹಿಟ್ಟಿನ ಕೈ ಬಾಯಿಗೆ ಹಿಡಕೊಂಡು ನಕ್ಕೆ.

ನಡುವ ಗ್ವಾಡಿ. ನೋಡಿಲ್ಲ. ಕೇಳೀನಿ.
ಒಬ್ಬಾಕಿ ಸುಳ್ಳಾಡೂ ಮುಂದ ಉಸುರು ನುಂಗತಾಳ.
ಒಬ್ಬಂವ ಅಳೂದು ಬರೇ ಮೂಗಿಲೆ.
ಒಬ್ಬ ಹುಡುಗ ಅದಾನ, ಹೆಸರು ಗೊತ್ತಿಲ್ಲ,
ಮಂದಿ ಜಗಳಾಡೂ ಮುಂದ ಹಿಂದೆಲ್ಲೋ
ಒಬ್ಬನ ಭಾಂಡೆ ತಿಕ್ಕತಿರತಾನ.
ನಾನು ನೇಕಾರ್ರ ಮನಿ ಮಗಳು. ಒಳಗ ಕುಂತಕೊಂಡ
ಪಡಸಾಲಿ ಮಗ್ಗದಾಗ ಎಳಿ ಹರದದ್ದು ಹೇಳತಿದ್ದೆ ಅಪ್ಪಗ,
ಎಡಕೋ ಬಲಕೋ ಅನ್ನೂದೂ.
ದನಿಯೊಳಗ ಹರದದ್ದು ತಿಳಿಯೂದಿಲ್ಲೇನು?

ಮೊನ್ನಿ ದಾವಲಸಾಬ ಬಂದ, ಚಾ ಕುಡದ, ಫೋನ್ ನೋಡಿಕೋತ ಅಂದ:
"ಅಕ್ಕಾರ, ಮೂರನೇ ಗುಂಡಿ ತಿಂಗಳಿಂದ ಖಾಲಿ.
ನೀವು ಟಿವಿ ನೋಡಂಗಿಲ್ಲೇನ್ರಿ?"
"ಕೇಳತೀನೋ ತಮ್ಮಾ."
ಕಪ್ಪು ಕೆಳಗಿಟ್ಟ. "ಕೇಳೂದಕ್ಕ ಗುಂಡಿ ಇಲ್ರಿ."

ಅಷ್ಟ ಅಂದದ್ದು. ನನಗ ಅದು ಎರಡು ದಿನ
ಹಲ್ಲಿನ ಸಂದ್ಯಾಗ ಶೇಂಗಾ ಸಿಪ್ಪಿ ಸಿಕ್ಕಂಗ.

ಶನಿವಾರ. ಯಾರೋ ಒಬ್ಬರು ಹೊರಗ ಬೀಳೋ ದಿನ.
ರೊಟ್ಟಿ ಸಂಜಿ ಮುಂದ ಬಡದಿಟ್ಟೆ. ಆರಿದ್ದ ತಿನ್ರಿ ಅಂದೆ.
ಮಾವನೋರು ಟಿವಿ ಬಿಟ್ಟು ನನ್ನ ನೋಡಿದ್ರು.
ಸೆರಗಿಗೆ ಕೈ ಒರಸಿ ಮೂರು ಒತ್ತಿದೆ.
ದೀಪ ಹತ್ತಿತು. ಹಸರು. ನಂದು.

ಭಾಂಡೆ ತಿಕ್ಕೋ ಹುಡುಗನ ಮಾರಿ ಹುಡುಕಿದೆ.
ಯಾರ ಕೈಯಾಗೂ ಭಾಂಡೆ ಇಲ್ಲ. ಮಿಂಚೋ ಅರಬಿ ಹಾಕ್ಕೊಂಡು
ಎಲ್ಲಾರೂ ಸೋಫಾದ ಮ್ಯಾಲ ಸಾಲಾಗಿ, ಬಾಯಿ ಮುಚ್ಚಿ.
ಸಪ್ಪಳ ಮಾಡಲಾರದವರ ಗುರುತು ನಾನು ಹೆಂಗ ಹಿಡೀಲಿ?
ಪವಿತ್ರಾನ್ನ ಕೇಳಿದೆ. "ಅಂವ ಹೋದ ವಾರನ ಹೋದ ಬೇ."
ಹೋದ ವಾರ ನಾನು ಬ್ಯಾಳಿಗೆ ಒಗ್ಗರಣಿ ಹಾಕಾಕತ್ತಿದ್ದೆ.
ಆ ಚುರ್ ಅನ್ನೂದರೊಳಗ ಹೋಗಿರಬೇಕು.

ಆಮ್ಯಾಲ ಜಾಹೀರಾತು ಬಂತು. ಗ್ವಾಡಿ ತಣ್ಣಗಿತ್ತು.
ಕಾಲು ಚಾಚಿದೆ.

ಎಚ್ಚರಾದಾಗ ಒಂದು ಗಂಟಿ. ಮೈಮ್ಯಾಲ ಕೌದಿ, ಯಾರು ಹೊದಿಸಿದ್ರೋ.
ಟಿವಿಯೊಳಗ ಒಬ್ಬಂವ ಚಾಕು ಮಾರಾಕತ್ತಿದ್ದ.
ಮೂರರ ದೀಪ ಒಂದ ಉರೀತಿತ್ತು.

ಗುರುವಾರ ಅಂಕಿ ಬಂದುವಂತ. ಆಟ ಒಂದನೇ ನಂಬರ.
ಯಾರ್ಯಾರೋ ಕೇಕು ಕೊಯ್ದಾರ, ಪವಿತ್ರಾ ಫೋನಿನ್ಯಾಗ ತೋರಿಸಿದಳು.
ನಾನು ಬೆರಳು ಎಣಿಸಿದೆ. ಒಂಬತ್ತೂವರಿಯಿಂದ ಒಂದರ ತನಕ
ಮೂರೂವರಿ ತಾಸು ನಿದ್ದಿ. ಅದನ್ನ ಎಷ್ಟೋ ಸಾವಿರದಿಂದ ಗುಣಿಸು.

ಅಂದ್ರ ಆ ಶನಿವಾರ ರಾತ್ರಿ, ಡಬ್ಬಿ ಸಾಕ್ಷಿ,
ಅಷ್ಟು ಸಾವಿರ ಹೆಣ್ಣುಮಕ್ಕಳು
ಒಲಿ ಆರಿಸಿ, ಗ್ವಾಡಿಗೆ ಬೆನ್ನು ಕೊಟ್ಟು,
ಕಾಲು ಚಾಚಿ ಮಲಗಿದ್ರು.

ದಾವಲಸಾಬ,
ಇದೊಂದು ಅಂಕಿ ತಿದ್ದಬ್ಯಾಡೋ ತಮ್ಮಾ.