ತುಟಿ ಮೊದಲು

ನೀಲಂ ನಗರದ ಎರಡನೇ ಗಲ್ಲಿ, ನೀರಿನ ಟಾಕಿಯ ಹಿಂದಿನ ಮನಿ.
ಟಾವೆಲ್ ಮಗ್ಗದ ಮುಂದ ಮೂವತ್ತೊಂದು ವರ್ಷ ನಿಂತ ಕಾಲು
ಚಾಚಿಕೊಂಡು ಕೂತಿದ್ದರು ರಾಚಪ್ಪ ಹುಂಡೇಕಾರರು.
ಕಿವಿಯ ವಿಚಾರ ಕಾಶವ್ವ ಬಾಗಿಲದಾಗೇ ಹೇಳಿಬಿಟ್ಟಳು:
"ದಪ್ಪ ದನಿ ತುಸು ಕೇಳ್ತದ, ಸಣ್ಣದು ಕೇಳೂದಿಲ್ಲ.
ನಂದು ಸಣ್ಣದು."

ಆಂಪ್ಲಿಫೈಯರು ಸಾಖರ ಪೇಠದ ಲಿಲಾವಿನಾಗ ಸಿಕ್ಕಿದ್ದು.
ಬೆನ್ನಿನ ಮ್ಯಾಲ ಎಚ್‌ಡಿಎಂಐ ಇಲ್ಲ,
ಅದು ಹುಟ್ಟಿದಾಗ ಆ ಹೆಸರು ಈ ಊರಿಗಿನ್ನೂ ಬಂದಿರಲಿಲ್ಲ.
ಒಂದು ಕಿತ್ತಳೆ ತೂತು. ಒಂದು ಚೌಕ ಕಂಡಿ,
ಕಂಡಿಗೆ ಕದ ಅದ, ಚಿಲಕ ಇಲ್ಲ,
ಮೂತಿ ತೂರಿಸಿದರ ತಾನೇ ಒಳಗ ಸರೀತದ.
ಕಂತಿನ ಮ್ಯಾಲ ತಂದ ಹೊಸ ಟಿವಿಗೂ ಅಂಥದೇ ಕಂಡಿ.

"ತಂತಿ ಅಲ್ರೀ ಇದು, ಗಾಜಿನಂಥ ನೂಲು.
ಒಳಗ ಬೆಳಕು ಓಡ್ತದ" ಅಂದೆ.
ನನ್ನ ಬಾಯಿಯನ್ನೇ ನೋಡಿ ಕೇಳಿದರು:
"ಎಷ್ಟು ಕೌಂಟಿನ ನೂಲು?"
ಹನ್ನೊಂದು ವರ್ಷದ ದಂಧೆಯಾಗ
ಯಾರೂ ಕೇಳಿರಲಿಲ್ಲ.

ಜೋಡಿಸಿದೆ. ಸಪ್ಪಳ ಇಲ್ಲ.
ಬಿಟ್‌ಸ್ಟ್ರೀಮ್ ತೆಗೆದು ಪಿಸಿಎಂ ಮಾಡಿದೆ. ಇಲ್ಲ.
ಟಿವಿ ಆರಿಸಿ ಹಚ್ಚಿದೆ, ಗುಡ್ಡಾಪುರದ ದಾನಮ್ಮನ್ನ ನೆನಸಿದೆ.
ರಾಚಪ್ಪ ಎದ್ದು ಬಂದು
ಆಂಪ್ಲಿಫೈಯರಿನ ಕಡೆಯ ತುದಿ ಕಿತ್ತು
ಹರಿದ ಎಳಿ ಹುಡುಕೋ ಹಂಗ ಬೆರಳಾಗ ತಿರುವಿ
ಉಗುರಿನಿಂದ ಏನೋ ಎಬ್ಬಿಸಿದರು:
ಪ್ಲಾಸ್ಟಿಕಿನ ಬಿಳಿ ಟೋಪಿ, ಅಕ್ಕಿಕಾಳಿನಷ್ಟು.
"ಇದನ್ನ ತಗೀಬೇಕಲ್ಲ?"

ನನ್ನ ಮುಖ ನಾನೇ ನೋಡಲಿಲ್ಲ.
ಅವರ ಅಂಗೈ ಮ್ಯಾಲ ಒಂದು ಕೆಂಪು ಚುಕ್ಕಿ ಬಿದ್ದಿತ್ತು,
ಹುಣಸಿಬೀಜದಷ್ಟೂ ಇಲ್ಲ.
"ಮಾತಂದ್ರ ಇದಾ?"
"ಹೌದ್ರಿ. ಅಲ್ಲೇ ಸುದ್ದಿ ಓದ್ಲಾಕತ್ತದ."
ಮುಷ್ಟಿ ಮುಚ್ಚಿದರು.
ಬೆರಳ ಸಂದಿನ್ಯಾಗ ಸುದ್ದಿ
ಹಂಗೇ ಓದಿಕೊಂಡೇ ಇತ್ತು.

ಆಮ್ಯಾಲ ದನಿ ಬಂತು. ಕಪಾಟಿನ ಸ್ಟೀಲಿನ ಡಬ್ಬಿ ನಡುಗಿದವು.
ಸಬ್‌ವೂಫರಿನ ತಲಿ ಮ್ಯಾಲ ಕೈ ಇಟ್ಟು
ಕಣ್ಣು ಪರದೆಗೆ ಇಟ್ಟು
ಹತ್ತು ಮಾತಿಗೆ ಹೇಳಿದರು, "ತಡ ಅದ."
"ಏನ್ರಿ?"
"ತುಟಿ ಮೊದಲು. ದನಿ ಹಿಂದ."

ನನಗ ಏನೂ ಕಾಣಲಿಲ್ಲ, ಕೇಳೋ ಕಿವಿ ಇಟ್ಟುಕೊಂಡು.
ಆದರೂ ಮೆನುವಿಗೆ ಹೋದೆ:
ಹಿಂದಿನ ಮಾಲಕ ನೂರಾ ಇಪ್ಪತ್ತು ಮಿಲಿಸೆಕೆಂಡು
ತಡ ಇಟ್ಟು, ತೆಗೆಯೋದು ಮರೆತು, ಮಾರಿದ್ದ.
ಇಳಿಸಿದೆ. ತೊಂಬತ್ತು. ಅರವತ್ತು.
ಮೂವತ್ತಕ್ಕ ಬೆರಳೆತ್ತಿದರು:
"ಕೂಡ್ತು."

ಶೆಡ್ಡಿನಾಗ ಎಂಟು ತಾಸು ಯಾರಿಗೆ ಯಾರ ದನಿ ಕೇಳ್ತದ?
ತುಟಿಯಿಂದಲೇ ಬೈಗುಳ, ತುಟಿಯಿಂದಲೇ ಹರತಾಳದ ದಿನ,
ತೆಲುಗಿನ್ಯಾಗ ಒಬ್ಬ, ಮರಾಠಿಯಾಗ ಒಬ್ಬ,
ಯಾರದೋ ತಾಯಿ ತೀರಿದ್ದನ್ನ ನಾಕು ಮಗ್ಗ ದಾಟಿಸಿ
ಕನ್ನಡದಾಗ ಇವರಿಗೆ ಮುಟ್ಟಿಸಿದ್ದು.
ಅದೆಲ್ಲ ಕಾಶವ್ವ ಹೇಳಿದಳು. ಆಕಿ ಅಲ್ಲೇ ಕಾಂಡಿ ಸುತ್ತಾಕಿ.

ಹಳೇ ಡಿವಿಡಿಗೆ ಕೇಬಲ್ ಉಳಿದಿರಲಿಲ್ಲ.
ಚಿತ್ರದ ಹಳದಿ ವೈರು ಕಿತ್ತಳೆ ತೂತಿಗೆ ಹಾಕಿದೆ.
ಎಪ್ಪತ್ತೈದು ಓಮ್ ಎರಡರದೂ, ಅದು ಬಣ್ಣ ಕೇಳೂದಿಲ್ಲ.
ಯಾವುದೋ ಸಿನೆಮಾ ಹತ್ತಿತು.
ರಾಚಪ್ಪ ಕೈ ಇಟ್ಟು, ತಗದು, ನಕ್ಕುಬಿಟ್ಟರು:
"ಇದು ಕೂಡೂದಿಲ್ಲ ತಮ್ಮಾ. ತುಟಿ ತೆಲುಗು ಆಡ್ತದ,
ದನಿ ಯಾರದೋ.
ನಿನ್ನ ಚೀಲದಾಗ ಇದಕ್ಕ ವೈರಿಲ್ಲ."

ನಾನೂರೈವತ್ತು ಎಣಿಸಿ ಕೊಟ್ಟರು.
ಟಿವಿ ಜೋರಿತ್ತು, ಗೋಡೆ ಗುಂಯ್ ಅಂತಿತ್ತು.
ಒಲಿಯ ಕಡೆಯಿಂದ ಕಾಶವ್ವ ದನಿ ಇಲ್ಲದ
ಏನೋ ಕೇಳಿದಳು, ತುಟಿ ಅಷ್ಟೇ.
ಇವರು ಪರದೆಯಿಂದ ಕಣ್ಣು ತಗದು
"ಇಬ್ಬರಿಗೂ ಮಾಡು. ಅವನಿಗೆ ಸಕ್ಕರಿ ಜಾಸ್ತಿ" ಅಂದರು.